ಮೊದಲ ಪ್ಯಾರಾವನ್ನು ಕೇಳಿ ಪಡೆಯಿರಿ: ಸಂಸ್ಥೆಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ವರದಿಗಳಿಗೆ ಸಹಿ ಹಾಕುವ, ಪ್ರಸ್ತಾವನೆಗಳನ್ನು ಒಪ್ಪುವ ಅಥವಾ ತಳ್ಳಿಹಾಕುವ ಎಲ್ಲ ಮುಖ್ಯಸ್ಥರಿಗೆ,

ನಮಸ್ಕಾರ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನು ಮುಂದೆ ನಿಮ್ಮ ಮೇಜಿಗೆ ಬರುವ ವರದಿ, ಟಿಪ್ಪಣಿ ಅಥವಾ ಪ್ರಸ್ತಾವನೆ ತನ್ನ ಮೊದಲ ಪ್ಯಾರಾದಲ್ಲೇ ಮೂರು ಸಂಗತಿಗಳನ್ನು ಹೇಳಬೇಕು: ಏನು ತೀರ್ಮಾನವಾಗಬೇಕು, ಅದನ್ನು ಯಾರು ಮಾಡಬೇಕು, ಯಾವ ದಿನಾಂಕದೊಳಗೆ. ಹೇಳದಿದ್ದರೆ ಅದನ್ನು ಓದದೆ ಹಿಂದಿರುಗಿಸಿ. ಹೇಳಿದ್ದರೆ, ಅಲ್ಲಿ ಕೆಟ್ಟ ಸುದ್ದಿಯೇ ಇದ್ದರೂ, ಬರೆದವರ ಮೇಲೆ ಸಿಟ್ಟಾಗಬೇಡಿ. ಈ ಎರಡರಲ್ಲಿ ಎರಡನೆಯದೇ ಕಷ್ಟ ಎಂಬುದು ನನಗೆ ಗೊತ್ತು. ಪತ್ರ ಇಷ್ಟು ಉದ್ದವಾಗಿರುವುದೂ ಅದಕ್ಕಾಗಿಯೇ.

ನಾನು ಹದಿನೆಂಟು ವರ್ಷಗಳಿಂದ ಬೇರೆಯವರು ಬರೆದ ಕರಡುಗಳನ್ನು ತಿದ್ದುತ್ತಿದ್ದೇನೆ. ವಾರ್ಷಿಕ ವರದಿ, ಟೆಂಡರ್ ದಾಖಲೆ, ತಪಾಸಣೆಯ ಟಿಪ್ಪಣಿ, ಸಭೆಯ ನಡಾವಳಿ, ಗ್ರಾಹಕರಿಗೆ ಹೋಗುವ ಕ್ಷಮಾಪಣೆಯ ಪತ್ರ, ಎಲ್ಲವೂ ನನ್ನ ಕೈ ಹಾದು ಹೋಗಿವೆ. ಸ್ಪಷ್ಟವಾಗಿ ಬರೆಯುವುದು ಹೇಗೆಂದು ಸಿಬ್ಬಂದಿಗೆ ತರಬೇತಿಯನ್ನೂ ಕೊಟ್ಟಿದ್ದೇನೆ. ತರಬೇತಿಯ ದಿನ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಮರುವಾರ ಅವೇ ಹಳೆಯ ವಾಕ್ಯಗಳು ಹಿಂದಿರುಗುತ್ತವೆ. ಬಹಳ ಕಾಲ ಇದಕ್ಕೆ ಅಭ್ಯಾಸಬಲವೇ ಕಾರಣ ಎಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಮೇಲಿನವರು ಯಾವುದನ್ನು ಮೆಚ್ಚುತ್ತಾರೋ ಕೆಳಗಿನವರು ಅದನ್ನೇ ಬರೆಯುತ್ತಾರೆ. ಆದ್ದರಿಂದಲೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಒಂದು ಘಟನೆ ಹೇಳಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಒಬ್ಬ ಕಿರಿಯ ಎಂಜಿನಿಯರ್ ಯಂತ್ರಗಳ ಸ್ಥಿತಿಗತಿಯ ಬಗ್ಗೆ 22 ಪುಟಗಳ ವರದಿ ಬರೆದಿದ್ದ. ಮೊದಲು ಹಿನ್ನೆಲೆ, ಆಮೇಲೆ ಉದ್ದೇಶ, ಆಮೇಲೆ ಅಧ್ಯಯನದ ವಿಧಾನ, ಆಮೇಲೆ ಎಂಟು ಕೋಷ್ಟಕಗಳು. ಹದಿನೇಳನೇ ಪುಟದ ನಡುವಿನಲ್ಲಿ ಈ ಸಾಲು ಇತ್ತು: ‘ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ, ನಿರ್ವಹಣಾ ಒಪ್ಪಂದದ ಅವಧಿಯನ್ನು ಗಮನದಲ್ಲಿಟ್ಟುಕೊಂಡು, ಅದರ ನವೀಕರಣದ ಕುರಿತು ಪರಿಶೀಲಿಸುವುದು ಸೂಕ್ತವೆಂದು ಭಾವಿಸಲಾಗಿದೆ.’ ಒಪ್ಪಂದ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಆ ದಿನಾಂಕ ಅನುಬಂಧದ ಮೂರನೇ ಕೋಷ್ಟಕದಲ್ಲಿ ಮಾತ್ರ ಇತ್ತು. ಮುಖ್ಯಸ್ಥರು ನಾಲ್ಕು ಪುಟ ಓದಿ, ಉಳಿದದ್ದನ್ನು ಬಿಡುವಾದಾಗ ನೋಡೋಣವೆಂದು ಬದಿಗಿಟ್ಟರು. ಒಪ್ಪಂದ ಮುಗಿದ ಮರುವಾರ ಒಂದು ಯಂತ್ರ ನಿಂತಿತು. ದುರಸ್ತಿಗೆ ಬರಬೇಕಾದವರು ಬರಲಿಲ್ಲ.

ಬೈಗುಳ ಯಾರಿಗೆ ಬಿತ್ತು ಎಂದು ಹೇಳಬೇಕಾಗಿಲ್ಲ. ಆಮೇಲೆ ನಾನು ಆ ಹುಡುಗನನ್ನು ಕೇಳಿದೆ: ‘ಆ ಮಾತನ್ನು ಮೊದಲ ಪುಟದಲ್ಲೇ ಏಕೆ ಬರೆಯಲಿಲ್ಲ?’ ಅವನು ಹೇಳಿದ: ‘ಮೊದಲೇ ಹೇಳಿದರೆ ಅವರಿಗೆ ಆಜ್ಞೆ ಮಾಡಿದ ಹಾಗೆ ಕಾಣುತ್ತದೆ ಮೇಡಂ. ಹೋದ ವರ್ಷ ಒಂದೇ ಪುಟದ ಟಿಪ್ಪಣಿ ಕೊಟ್ಟಿದ್ದೆ. ಒಂದು ತಿಂಗಳ ಕೆಲಸಕ್ಕೆ ಇಷ್ಟೇ ಪುಟವೇ ಎಂದು ಎಲ್ಲರೆದುರು ಕೇಳಿದರು.’ ನನಗೆ ಮಾತು ಹೊರಡಲಿಲ್ಲ. ಆ ವರದಿಯ ಕರಡನ್ನು ತಿದ್ದಿದವಳು ನಾನೇ. ಕಾಗುಣಿತ ಸರಿಪಡಿಸಿದೆ, ಅಲ್ಪವಿರಾಮ ಹಾಕಿದೆ, ಕೋಷ್ಟಕಗಳಿಗೆ ಸಂಖ್ಯೆ ಕೊಟ್ಟೆ. ಹದಿನೇಳನೇ ಪುಟದ ಆ ಸಾಲನ್ನು ಎತ್ತಿ ಮೊದಲ ಪುಟಕ್ಕೆ ತರುವುದು ನನ್ನ ಕೆಲಸವೆಂದು ಅಂದು ನನಗೆ ಹೊಳೆಯಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ವರದಿಗಳು ತಲೆಕೆಳಗಾಗಿ ಹುಟ್ಟುವುದಕ್ಕೆ ಒಂದು ಸಹಜ ಕಾರಣವಿದೆ. ಬರೆಯುವವರು ತಾವು ಕೆಲಸ ಮಾಡಿದ ಕ್ರಮದಲ್ಲಿ ಬರೆಯುತ್ತಾರೆ. ಮೊದಲು ಮಾಹಿತಿ ಕಲೆಹಾಕಿದರು, ಆಮೇಲೆ ಲೆಕ್ಕ ಮಾಡಿದರು, ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಓದುವವರಿಗೆ ಬೇಕಾದ ಕ್ರಮ ಇದಕ್ಕೆ ನೇರ ವಿರುದ್ಧ: ತೀರ್ಮಾನ ಏನು, ಅದನ್ನು ಏಕೆ ನಂಬಬೇಕು, ನಂಬಲು ಆಧಾರವೇನು. ಅಮೆರಿಕದ ಸೇನೆಯ ಪತ್ರವ್ಯವಹಾರದ ನಿಯಮಗಳು ಮುಖ್ಯ ಮಾತನ್ನು ಮೊದಲಿಗೇ ಇಡಬೇಕೆಂದು ಹೇಳುತ್ತವೆ. ಯುದ್ಧದ ನಡುವೆ, 1940ರ ಆಗಸ್ಟ್ 9ರಂದು, ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಒಂದು ಪುಟದ ಟಿಪ್ಪಣಿ ಕಳುಹಿಸಿದರು. ಮುಖ್ಯ ಅಂಶಗಳನ್ನು ಚಿಕ್ಕ, ಚುರುಕಾದ ಪ್ಯಾರಾಗಳಲ್ಲಿ ಹೇಳಿ, ವಿವರವಾದ ವಿಶ್ಲೇಷಣೆಯನ್ನೂ ಅಂಕಿಅಂಶಗಳನ್ನೂ ಅನುಬಂಧಕ್ಕೆ ಹಾಕಿ, ಹೊಟ್ಟು ತುಂಬುವ ಪದಪುಂಜಗಳನ್ನು ಬಿಡಿ ಎಂಬುದು ಅದರ ಸಾರ. ನನಗೆ ಆ ಟಿಪ್ಪಣಿಯಲ್ಲಿ ಮುಖ್ಯವಾಗಿ ಕಾಣುವುದು ಅದನ್ನು ಬರೆದವರ ಸ್ಥಾನ. ಅಂಥ ಮಾತು ಮೇಲಿನಿಂದಲೇ ಬರಬೇಕು. ಕೆಳಗಿನವರು ತಾವಾಗಿಯೇ ಹಾಗೆ ಬರೆದರೆ ಅದು ಉದ್ಧಟತನವಾಗಿ ಕಾಣುತ್ತದೆ, ಅಥವಾ ಹಾಗೆ ಕಾಣುತ್ತದೆಂಬ ಭಯ ಅವರಿಗೆ ಇರುತ್ತದೆ.

ಮೊದಲ ಪುಟಕ್ಕೆ ತಂದ ಮೇಲೂ ಭಾಷೆಯೊಳಗೆ ಒಂದು ಮರೆ ಉಳಿದುಬಿಡುತ್ತದೆ. ಕನ್ನಡದಲ್ಲಿ ಬರೆಯುವ ನಮಗೆ ಇದು ಚೆನ್ನಾಗಿ ಗೊತ್ತಿರಬೇಕು. ‘ವಿಳಂಬವನ್ನು ಗಮನಿಸಲಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಎಷ್ಟು ಸಾವಿರ ಬಾರಿ ಓದಿದ್ದೇವೆ ಈ ವಾಕ್ಯವನ್ನು! ಗಮನಿಸಿದವರು ಯಾರು? ಕ್ರಮ ಯಾವುದು? ಕೈಗೊಳ್ಳುವವರು ಯಾರು, ಯಾವಾಗ? ‘ಲಾಗಿದೆ’, ‘ಲಾಗುವುದು’ ಎಂಬ ಎರಡು ತುಣುಕುಗಳ ಹಿಂದೆ ಇಡೀ ವಿಭಾಗವೇ ಅಡಗಿ ಕೂರಬಲ್ಲದು. ಆ ವಾಕ್ಯವನ್ನು ನಾನು ಈಗ ಹೀಗೆ ತಿದ್ದಿಸುತ್ತೇನೆ: ‘ಬಿಡಿಭಾಗಗಳು ಒಂಬತ್ತು ದಿನ ತಡವಾಗಿ ಬಂದವು. ಖರೀದಿ ವಿಭಾಗ ಈ ತಿಂಗಳ 14ರೊಳಗೆ ಎರಡನೇ ಪೂರೈಕೆದಾರರನ್ನು ಗೊತ್ತುಮಾಡುತ್ತದೆ.’ ಇದನ್ನು ಬರೆಯಬೇಕಾದರೆ ಬರೆಯುವವರು ಖರೀದಿ ವಿಭಾಗಕ್ಕೆ ಹೋಗಿ, ಕೇಳಿ, ದಿನಾಂಕಕ್ಕೆ ಒಪ್ಪಿಸಿ ಬರಬೇಕು. ‘ಲಾಗುವುದು’ ಎಂದು ಬರೆದರೆ ಕುರ್ಚಿಯಿಂದ ಏಳಬೇಕಾಗಿಲ್ಲ.

ಇನ್ನೊಂದು ತೊಡಕು ನಮ್ಮ ವಾಕ್ಯದ ಕಟ್ಟಡದಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ; ‘ಇಲ್ಲ’ ಎನ್ನುವುದೂ ಕೊನೆಗೇ. ಹತ್ತು ಪದಗಳ ವಾಕ್ಯದಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ‘ಆಗಿದ್ದು’, ‘ಇರುವುದರಿಂದ’, ‘ಆದಕಾರಣ’ ಎಂದು ಕೊಂಡಿ ಹಾಕಿಕೊಂಡು ಐವತ್ತು ಪದ ಸಾಗುವ ವಾಕ್ಯದಲ್ಲಿ, ಒಪ್ಪಿದರೋ ನಿರಾಕರಿಸಿದರೋ ಎಂಬುದು ಕಟ್ಟಕಡೆಯ ಅಕ್ಷರದವರೆಗೆ ಗೊತ್ತಾಗುವುದಿಲ್ಲ. ಓದುವವರು ಅಷ್ಟನ್ನೂ ತಲೆಯಲ್ಲಿ ಹೊತ್ತು ನಡೆಯಬೇಕು. ಕೊಂಡಿಯನ್ನು ಕಳಚಿ ಪೂರ್ಣವಿರಾಮ ಹಾಕಿದರೆ ಸಾಕು, ಅದೇ ಮಾಹಿತಿ ನಾಲ್ಕು ವಾಕ್ಯಗಳಲ್ಲಿ ಹಗುರವಾಗಿ ನಿಲ್ಲುತ್ತದೆ. ಕನ್ನಡ ಕಚೇರಿಗೆ ತಕ್ಕ ಭಾಷೆಯಲ್ಲ ಎಂದು ಹೇಳುವವರು ಈ ಐವತ್ತು ಪದಗಳ ವಾಕ್ಯವನ್ನು ನೋಡಿ ಹಾಗೆ ಹೇಳುತ್ತಾರೆ. ತಪ್ಪು ಭಾಷೆಯದಲ್ಲ ಎಂದು ನಾನು ಎಲ್ಲಿ ಬೇಕಾದರೂ ವಾದಿಸಲು ಸಿದ್ಧ.

ಕೆಲವು ಪುಟ್ಟ ಪದಗಳ ಬಗ್ಗೆಯೂ ಎಚ್ಚರ ಬೇಕು. ‘ನಾವು ಇದನ್ನು ಸರಿಪಡಿಸಬೇಕು’ ಎಂದು ಒಂದು ಸಂಸ್ಥೆ ಇನ್ನೊಂದಕ್ಕೆ ಬರೆಯಿತು ಎನ್ನಿ. ಬರೆದವರು ಮಾತ್ರವೇ, ಓದುವವರೂ ಸೇರಿಯೇ? ತಮಿಳಿನಲ್ಲಿ, ತೆಲುಗಿನಲ್ಲಿ ಈ ಎರಡಕ್ಕೆ ಎರಡು ಪದಗಳಿವೆ. ಇಂದಿನ ಕನ್ನಡದಲ್ಲಿ ಒಂದೇ ‘ನಾವು’. ‘ಅವರು ಒಪ್ಪಿದ್ದಾರೆ’ ಎಂದರೆ ಒಬ್ಬ ನಿರ್ದೇಶಕರೋ, ಇಡೀ ಮಂಡಳಿಯೋ? ಗೌರವದ ‘ಅವರು’, ಬಹುವಚನದ ‘ಅವರು’ ಎರಡೂ ಒಂದೇ ರೂಪ. ‘ಪೂರೈಕೆದಾರರು ದರವನ್ನು ಬದಲಿಸಬಹುದು’ ಎಂಬುದು ಅವರಿಗೆ ಕೊಟ್ಟ ಹಕ್ಕೋ, ನಮಗಿರುವ ಆತಂಕವೋ? ‘ಬಹುದು’ ಎರಡನ್ನೂ ಹೇಳುತ್ತದೆ. ಮಾತಿನಲ್ಲಿ ಮುಖ ನೋಡಿ ಅರ್ಥಮಾಡಿಕೊಳ್ಳುತ್ತೇವೆ, ಕಾಗದಕ್ಕೆ ಮುಖವಿಲ್ಲ. ಅಂತರಜಾಲದ ತಾಂತ್ರಿಕ ನಿಯಮಗಳನ್ನು ರೂಪಿಸುವವರು 1997ರಲ್ಲೇ ಒಂದು ಚಿಕ್ಕ ದಾಖಲೆ ಹೊರತಂದು, ‘ಮಾಡಲೇಬೇಕು’, ‘ಮಾಡುವುದು ಒಳ್ಳೆಯದು’, ‘ಮಾಡಬಹುದು’ ಎಂಬ ಅರ್ಥದ ಪದಗಳು ತಮ್ಮ ನಿಯಮಗಳಲ್ಲಿ ಎಷ್ಟೆಷ್ಟು ಬಿಗಿ ಎಂದು ಗೊತ್ತುಮಾಡಿಕೊಂಡರು. ನಿಮ್ಮ ಸಂಸ್ಥೆಗೂ ಅಂಥದೊಂದು ಅರ್ಧ ಪುಟ ಸಾಕು.

ಒಪ್ಪಂದಗಳಲ್ಲಂತೂ ಒಂದು ಅಲ್ಪವಿರಾಮವೂ ಭಾರವಾಗುತ್ತದೆ. ಕೆನಡಾದಲ್ಲಿ ರೋಜರ್ಸ್ ಮತ್ತು ಅಲಿಯಂಟ್ ಎಂಬ ಎರಡು ಕಂಪನಿಗಳ ನಡುವೆ ಕೇಬಲ್ ಎಳೆಯುವ ಕಂಬಗಳ ಬಳಕೆಯ ಒಪ್ಪಂದವಿತ್ತು. ಅದರ ಒಂದು ವಾಕ್ಯದಲ್ಲಿದ್ದ ಅಲ್ಪವಿರಾಮದ ಆಧಾರದ ಮೇಲೆ, ಮೊದಲ ಐದು ವರ್ಷಗಳ ಒಳಗೂ ಒಂದು ವರ್ಷದ ಮುನ್ಸೂಚನೆ ಕೊಟ್ಟು ಒಪ್ಪಂದ ಮುರಿಯಬಹುದೆಂದು ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ 2006ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಅದೇ ಒಪ್ಪಂದದ ಫ್ರೆಂಚ್ ಪಾಠವನ್ನು ನೋಡಿ, ಅದರಲ್ಲಿ ಅರ್ಥ ನಿಚ್ಚಳವಾಗಿದ್ದುದರಿಂದ, ತನ್ನ ತೀರ್ಪನ್ನೇ ಬದಲಿಸಿತು. ಒಂದೇ ಮಾತನ್ನು ಎರಡು ಚಿಕ್ಕ ವಾಕ್ಯಗಳಾಗಿ ಬರೆದಿದ್ದರೆ ಈ ವ್ಯಾಜ್ಯಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವರು ‘ಹಾಗಾದರೆ ಎಲ್ಲವನ್ನೂ ಚಿಕ್ಕದಾಗಿ, ಅಂಶಗಳ ಪಟ್ಟಿ ಮಾಡಿ ಕೊಡಲು ಹೇಳುತ್ತೇವೆ’ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕದಾದದ್ದೆಲ್ಲ ಸ್ಪಷ್ಟವಲ್ಲ. ಇದಕ್ಕೆ ಏಳು ಜೀವಗಳ ಸಾಕ್ಷ್ಯವಿದೆ.

2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಇಂಧನ ತೊಟ್ಟಿಯಿಂದ ಕಳಚಿದ, ಶಾಖ ತಡೆಯುವ ಗಟ್ಟಿ ನೊರೆಯ (ಫೋಮ್) ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಏಟು ಎಷ್ಟು ಅಪಾಯಕಾರಿ ಎಂದು ಎಂಜಿನಿಯರುಗಳು ವಿಶ್ಲೇಷಿಸಿ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಅದರಲ್ಲೊಂದು ಸ್ಲೈಡನ್ನು ತನಿಖಾ ಮಂಡಳಿ ಆಮೇಲೆ ತನ್ನ ವರದಿಯಲ್ಲಿ ಅಚ್ಚು ಹಾಕಿಸಿ ವಿಮರ್ಶಿಸಿತು. ಸ್ಲೈಡಿನ ದೊಡ್ಡ ಶೀರ್ಷಿಕೆ ಓದಿದರೆ, ಪರೀಕ್ಷೆಯ ಮಾಹಿತಿ ಸುರಕ್ಷತೆಯ ಕಡೆಗೇ ವಾಲುತ್ತಿದೆ ಎಂಬ ಭರವಸೆ ಮೂಡುತ್ತದೆ. ಅದರ ಕೆಳಗೆ ಅಂಶ, ಅಂಶದೊಳಗೆ ಉಪ ಅಂಶ, ಅದರೊಳಗೆ ಇನ್ನೊಂದು, ಒಂದಕ್ಕಿಂತ ಒಂದು ಚಿಕ್ಕ ಅಕ್ಷರದಲ್ಲಿ. ‘ಗಣನೀಯ’ ಎಂಬರ್ಥದ ಪದ ಐದು ಕಡೆ ಬರುತ್ತದೆ, ಎಲ್ಲಿಯೂ ಎಷ್ಟು ಎಂಬ ಅಳತೆಯಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಹೋಲಿಕೆ: ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು. ಅಂದರೆ ನಿಜವಾದ ತುಂಡು ಪರೀಕ್ಷೆಯ ತುಂಡಿಗಿಂತ 640 ಪಟ್ಟು ದೊಡ್ಡದು. ಆ ಪರೀಕ್ಷೆಯನ್ನು ನಂಬಿ ಏನನ್ನೂ ಹೇಳಲಾಗದು ಎಂಬುದೇ ಆ ಹೋಲಿಕೆಯ ಅರ್ಥ. ಶೀರ್ಷಿಕೆಯಾಗಬೇಕಿದ್ದ ಮಾತು ಪುಟದ ತಳದಲ್ಲಿ ಕೂತಿತ್ತು.

ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ನೌಕೆ ಛಿದ್ರವಾಯಿತು. ಏಳೂ ಮಂದಿ ಗಗನಯಾತ್ರಿಗಳು ತೀರಿಕೊಂಡರು. ಒಂದು ಸ್ಲೈಡಿನಿಂದಲೇ ಹಾಗಾಯಿತೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಪುಟ ಓದಿದ ಹಿರಿಯ ಅಧಿಕಾರಿಗೆ ಇದು ಜೀವಕ್ಕೆ ಸಂಬಂಧಿಸಿದ ವಿಷಯವೆಂದು ತಿಳಿಯದೆ ಹೋಗುವುದು ಸುಲಭ ಎಂದು ತನಿಖಾ ಮಂಡಳಿಯೇ ಬರೆಯಿತು. ತಾಂತ್ರಿಕ ವರದಿ ಬರೆಯಬೇಕಾದ ಕಡೆ ಸ್ಲೈಡುಗಳನ್ನೇ ಬಳಸುವ ರೂಢಿಯನ್ನೂ ಅದು ಟೀಕಿಸಿತು.

ಅಂಶಗಳ ಪಟ್ಟಿ ಮಾಡಿದಾಗ ಮೊದಲು ಕಾಣೆಯಾಗುವುದು ‘ಏಕೆಂದರೆ’, ‘ಆದರೂ’, ‘ಆದ್ದರಿಂದ’, ‘ಇದಕ್ಕೆ ವಿರುದ್ಧವಾಗಿ’ ಎಂಬ ಪದಗಳು. ಆಲೋಚನೆ ಇರುವುದೇ ಆ ಪದಗಳಲ್ಲಿ. ಮಾರಾಟ ಕುಸಿದಿದೆ, ಸಿಬ್ಬಂದಿ ಕಡಿಮೆಯಾಗಿದ್ದಾರೆ, ದೂರುಗಳು ಹೆಚ್ಚಿವೆ ಎಂದು ಮೂರು ಚುಕ್ಕೆಗಳನ್ನು ಇಟ್ಟರೆ, ಯಾವುದರಿಂದ ಯಾವುದಾಯಿತು ಎಂಬುದನ್ನು ಓದುವವರೇ ಊಹಿಸಿಕೊಳ್ಳಬೇಕು. ‘ಸಿಬ್ಬಂದಿ ಕಡಿಮೆಯಾದದ್ದರಿಂದ ದೂರುಗಳು ಹೆಚ್ಚಿದವು, ಮಾರಾಟ ಕುಸಿಯಲು ಆರಂಭಿಸಿದ್ದು ಅದಕ್ಕೂ ಮೊದಲೇ’ ಎಂದು ಬರೆಯುವವರಿಗೆ ವಿಷಯ ಗೊತ್ತಿರಲೇಬೇಕು. ಅಮೆಜಾನ್ ಕಂಪನಿಯಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಸ್ಲೈಡುಗಳನ್ನು ತೆಗೆದುಹಾಕಿದರು. ಪೂರ್ಣ ವಾಕ್ಯಗಳ, ಆರು ಪುಟ ಮೀರದ ಟಿಪ್ಪಣಿ ಅಲ್ಲಿ ರೂಢಿಗೆ ಬಂದಿತು. ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಕುಳಿತು ಅದನ್ನು ಓದುತ್ತಾರೆ, ಆಮೇಲೆ ಚರ್ಚೆ. ಇದೇ ಪದ್ಧತಿ ಎಲ್ಲ ಕಡೆಗೂ ಹೊಂದುತ್ತದೆ ಎಂದು ನಾನು ಹೇಳಲಾರೆ. ಆದರೆ ಮುಖ್ಯಸ್ಥರೇ ಕುಳಿತು ಓದುತ್ತಾರೆ ಎಂದು ಗೊತ್ತಾದಾಗ ಬರೆಯುವವರ ಬೆನ್ನು ನೆಟ್ಟಗಾಗುತ್ತದೆ ಎಂಬುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಈಗ ಕಹಿಯಾದ ಮಾತಿಗೆ ಬರುತ್ತೇನೆ. ಸ್ಪಷ್ಟವಾಗಿ ಬರೆದರೂ ಸಾಲದು ಎಂಬ ಮಾತು.

1985ರ ಜುಲೈ 31ರಂದು, ಬಾಹ್ಯಾಕಾಶ ನೌಕೆಗೆ ರಾಕೆಟ್ ಮೋಟಾರು ತಯಾರಿಸುತ್ತಿದ್ದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಯಿಸ್ಜೋಲಿ ತಮ್ಮ ಕಂಪನಿಯ ಉಪಾಧ್ಯಕ್ಷರಿಗೆ ಒಂದು ಟಿಪ್ಪಣಿ ಬರೆದರು. ವಿಷಯದ ಗಂಭೀರತೆಯನ್ನು ಆಡಳಿತಕ್ಕೆ ಪೂರ್ತಿಯಾಗಿ ತಿಳಿಸಲೆಂದೇ ಬರೆಯುತ್ತಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಹೇಳಿದರು. ಮೋಟಾರಿನ ಕೀಲುಗಳಿಂದ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರದ (ಓ-ರಿಂಗ್) ದೋಷವನ್ನು ಸರಿಪಡಿಸದಿದ್ದರೆ ಜೀವಹಾನಿಯಾಗುವ ಮಹಾದುರಂತ ಸಂಭವಿಸಬಹುದು ಎಂದು ಬಿಡಿಸಿ ಬರೆದರು. ಇದಕ್ಕಿಂತ ನೇರವಾದ ಟಿಪ್ಪಣಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ನಾನು ತರಬೇತಿಯಲ್ಲಿ ಹೇಳಿಕೊಡುವುದೆಲ್ಲ ಅದರಲ್ಲಿತ್ತು. ಆರು ತಿಂಗಳ ಬಳಿಕ, 1986ರ ಜನವರಿ 28ರಂದು, ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಆ ಉಂಗುರದ ದೋಷದಿಂದಲೇ ನಾಶವಾಯಿತು. ಅಲ್ಲಿಯೂ ಏಳು ಮಂದಿ.

ಇದಕ್ಕೂ ಮೊದಲು, 1978ರ ಆರಂಭದಲ್ಲಿ, ಅಣು ರಿಯಾಕ್ಟರ್ ತಯಾರಿಸುವ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಒಂದು ಎಚ್ಚರಿಕೆ ಬರೆದರು. ಹಿಂದಿನ ವರ್ಷ ಒಂದು ಸ್ಥಾವರದಲ್ಲಿ ನಿರ್ವಾಹಕರು ರಿಯಾಕ್ಟರನ್ನು ತಣಿಸುವ ತುರ್ತು ನೀರನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ದರು. ಹಾಗೆ ಮಾಡಬಾರದೆಂದು ಎಲ್ಲ ಸ್ಥಾವರಗಳಿಗೂ ಸೂಚನೆ ಹೋಗಬೇಕು ಎಂಬುದು ಅದರ ಸಾರ. ಟಿಪ್ಪಣಿ ಮೇಜಿನಿಂದ ಮೇಜಿಗೆ ಸಾಗಿತು. ಸಾಗುತ್ತಾ ಅದರ ತುರ್ತು ಕರಗಿತು. ಎಚ್ಚರಿಕೆ ಪ್ರಶ್ನೆಯಾಯಿತು, ಪ್ರಶ್ನೆ ಮಾಮೂಲಿ ಪತ್ರವಾಯಿತು. ಹದಿಮೂರು ತಿಂಗಳ ಬಳಿಕ, 1979ರ ಮಾರ್ಚ್ 28ರಂದು, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ನಿರ್ವಾಹಕರು ಅದೇ ತಪ್ಪು ಮಾಡಿದರು, ಇಂಧನವಿರುವ ರಿಯಾಕ್ಟರಿನ ಗರ್ಭದ ಒಂದು ಭಾಗ ಕರಗಿತು. ಆ ಸೂಚನೆ ಆ ದಿನದವರೆಗೂ ಅವರನ್ನು ತಲುಪಿರಲಿಲ್ಲ.

ಈ ಮೂರು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮುಖ್ಯ ಮಾತು ಪುಟದ ತಳದಲ್ಲಿ ಹುದುಗಿತ್ತು. ಒಂದರಲ್ಲಿ ಮೊದಲ ವಾಕ್ಯದಲ್ಲೇ ಇತ್ತು. ಒಂದರಲ್ಲಿ ಸಾಗುವ ದಾರಿಯಲ್ಲಿ ಮಸುಕಾಯಿತು. ಬರೆದವರ ಕೌಶಲ ಮೂರರಲ್ಲೂ ಬೇರೆ ಬೇರೆ. ಮೂರರಲ್ಲೂ ಸಮಾನವಾಗಿದ್ದುದು, ಸ್ವೀಕರಿಸಿದ ಕಡೆಯಲ್ಲಿ ‘ಇದಕ್ಕೆ ಯಾರು, ಯಾವಾಗ ಉತ್ತರ ಕೊಡಬೇಕು?’ ಎಂದು ಪಟ್ಟುಹಿಡಿದು ಕೇಳುವವರು ಇಲ್ಲದಿದ್ದುದು. ನಿಮ್ಮ ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ, ನಿಜ. ಒಪ್ಪಂದ ತಪ್ಪುತ್ತದೆ, ಯಂತ್ರ ನಿಲ್ಲುತ್ತದೆ, ಒಬ್ಬ ಕಿರಿಯ ಉದ್ಯೋಗಿ ಎಲ್ಲರೆದುರು ತಲೆತಗ್ಗಿಸುತ್ತಾನೆ. ಆಗುವ ಬಗೆ ಮಾತ್ರ ಒಂದೇ.

ಆದ್ದರಿಂದ ನೀವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಯಾವುದಕ್ಕೂ ಹಣ ಬೇಕಾಗಿಲ್ಲ.

ವರದಿ ಬೇಕೆಂದು ಹೇಳುವಾಗಲೇ ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಹೇಳಿ. ‘ಗೋದಾಮಿನ ಬಗ್ಗೆ ಒಂದು ವರದಿ ಕೊಡಿ’ ಎಂದರೆ ಗೋದಾಮಿನ ಚರಿತ್ರೆ ಬರುತ್ತದೆ. ‘ಎರಡನೇ ಗೋದಾಮನ್ನು ಮುಚ್ಚಬೇಕೇ ಬೇಡವೇ, ನಿಮ್ಮ ಅಭಿಪ್ರಾಯ ಕೊಡಿ’ ಎಂದರೆ ಅಭಿಪ್ರಾಯವೇ ಬರುತ್ತದೆ. ನಾನು ಕಂಡ ಅಸ್ಪಷ್ಟ ವರದಿಗಳಲ್ಲಿ ಬಹುಪಾಲು ಅಸ್ಪಷ್ಟವಾದ ಆದೇಶದಿಂದ ಹುಟ್ಟಿದವು. ಈ ಒಂದನ್ನು ಮಾಡಿದರೂ ಉಳಿದದ್ದು ಅರ್ಧ ಹಗುರವಾಗುತ್ತದೆ.

ತಲೆಬರಹಗಳನ್ನಷ್ಟೇ ಓದಿ ನೋಡಿ. ‘ಹಿನ್ನೆಲೆ’, ‘ಚರ್ಚೆ’, ‘ಉಪಸಂಹಾರ’ ಎಂಬ ತಲೆಬರಹಗಳು ಎಲ್ಲ ವರದಿಗೂ ಒಪ್ಪುತ್ತವೆ, ಹಾಗಾಗಿ ಯಾವ ವರದಿಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ‘ಎರಡನೇ ಗೋದಾಮು ಮೂರು ವರ್ಷಗಳಿಂದ ಅರ್ಧ ಖಾಲಿ’, ‘ಮುಚ್ಚಿದರೆ ಸಾಗಣೆಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ’ ಎಂಬ ತಲೆಬರಹಗಳಿದ್ದರೆ, ಅವುಗಳನ್ನಷ್ಟೇ ಓದಿದವರಿಗೂ ವಾದದ ಎಲುಬು ಸಿಗುತ್ತದೆ. ಕೋಷ್ಟಕಗಳ ಬಗ್ಗೆಯೂ ಇದೇ ಮಾತು: ಅಂಕಣದ ತಲೆಯಲ್ಲಿ ಅಳತೆಯ ಮಾನವನ್ನು ಬರೆಯಿಸಿ. 1999ರಲ್ಲಿ ಮಂಗಳಗ್ರಹದ ಬಳಿ ಒಂದು ನೌಕೆ ಕಳೆದುಹೋದದ್ದು, ಒಂದು ತಂಡದ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಸಂಖ್ಯೆಗಳನ್ನು ಇನ್ನೊಂದು ಕಡೆ ನ್ಯೂಟನ್ ಎಂದು ಓದಿಕೊಂಡದ್ದರಿಂದ. ದಿನಾಂಕ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿಸಿ. 3/4 ಎಂಬುದು ಕೆಲವು ದೇಶಗಳಲ್ಲಿ ಏಪ್ರಿಲ್ 3, ಕೆಲವು ದೇಶಗಳಲ್ಲಿ ಮಾರ್ಚ್ 4. ಕಡತದ ಹೆಸರಿನಲ್ಲಿ ‘ಅಂತಿಮ’, ‘ಹೊಸ ಅಂತಿಮ’ ಎಂಬ ಪದಗಳನ್ನು ಬಿಡಿಸಿ, ದಿನಾಂಕ ಹಾಕಿಸಿ.

ಸಭೆಯ ನಡಾವಳಿಯಲ್ಲಿ ಯಾರು ಏನೆಂದರು ಎಂಬ ಕಥೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಏನು ತೀರ್ಮಾನವಾಯಿತು, ಯಾರ ಹೊಣೆ, ಯಾವ ದಿನಾಂಕದೊಳಗೆ ಎಂಬುದು ಸಭೆ ಮುಗಿದ ದಿನವೇ ಎಲ್ಲರ ಕೈ ಸೇರಬೇಕು. ‘ಹೊಣೆ: ಸಂಬಂಧಪಟ್ಟವರು’ ಎಂದು ಬರೆದಿದ್ದರೆ ಅದನ್ನು ಒಪ್ಪಬೇಡಿ. ಸಂಬಂಧಪಟ್ಟವರು ಎಂಬ ಹೆಸರಿನ ಮನುಷ್ಯರು ಯಾವ ಕಚೇರಿಯಲ್ಲಿಯೂ ಇಲ್ಲ.

ಪುಟಗಳನ್ನು ಶ್ರಮದ ಅಳತೆಯಾಗಿ ನೋಡುವುದನ್ನು ಇಂದೇ ನಿಲ್ಲಿಸಿ. ಇದನ್ನು ಕೈಮುಗಿದು ಕೇಳುತ್ತೇನೆ. ಒಂದು ಪುಟಕ್ಕೆ ಇಳಿಸುವುದಕ್ಕೆ ಇಪ್ಪತ್ತು ಪುಟ ತುಂಬುವುದಕ್ಕಿಂತ ಹೆಚ್ಚು ಕಾಲ ಬೇಕು. ಯಾವುದನ್ನು ಬಿಡಬೇಕೆಂದು ನಿರ್ಧರಿಸಲು ಧೈರ್ಯವೂ ಬೇಕು. ಈಗಂತೂ ಕೃತಕ ಬುದ್ಧಿಯ ಯಂತ್ರಕ್ಕೆ ಹೇಳಿದರೆ ನಿಮಿಷದಲ್ಲಿ ಇಪ್ಪತ್ತು ಪುಟ ನಯವಾಗಿ ಬರೆದು ಕೊಡುತ್ತದೆ. ಇನ್ನು ಮೇಲೆ ಗಾತ್ರ ಯಾರ ದುಡಿಮೆಗೂ ಸಾಕ್ಷಿಯಲ್ಲ. ಯಂತ್ರದ ನೆರವು ಪಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ‘ಇದು ನನ್ನ ಅಭಿಪ್ರಾಯ, ಇದಕ್ಕೆ ನಾನು ಹೊಣೆ’ ಎಂಬ ವಾಕ್ಯವನ್ನು ಮನುಷ್ಯರೇ ಬರೆಯಬೇಕು. ಆ ವಾಕ್ಯವಿರುವ ಒಂದು ಪುಟವನ್ನು ಕೇಳಿ.

ಯಾರಿಗೆ ಬರೆಯುತ್ತಿದ್ದೇವೆ ಎಂಬುದನ್ನು ಮನಸ್ಸಿನಲ್ಲಿ ಕಾಣಿಸಿಕೊಳ್ಳುವುದು ಇನ್ನೊಂದು ಒಳ್ಳೆಯ ದಾರಿ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 1998ರಲ್ಲಿ ಸರಳ ಬರವಣಿಗೆಯ ಕೈಪಿಡಿಯೊಂದನ್ನು ಹೊರತಂದಾಗ ಹೂಡಿಕೆದಾರ ವಾರನ್ ಬಫೆಟ್ ಅದಕ್ಕೆ ಮುನ್ನುಡಿ ಬರೆದರು. ಕಂಪನಿಯ ವಾರ್ಷಿಕ ವರದಿ ಬರೆಯುವಾಗ ತಮ್ಮ ಸೋದರಿಯರೊಡನೆ ಮಾತನಾಡುತ್ತಿದ್ದೇನೆಂದು ಭಾವಿಸಿಕೊಳ್ಳುತ್ತೇನೆ ಎಂದರು. ಆ ಸೋದರಿಯರು ತುಂಬ ಜಾಣರು, ಆದರೆ ಲೆಕ್ಕಪತ್ರದಲ್ಲಿ ಪರಿಣತರಲ್ಲ. ಇದರಲ್ಲಿ ಓದುಗರ ಬಗ್ಗೆ ಪ್ರೀತಿಯೂ ಇದೆ, ಗೌರವವೂ ಇದೆ. ಸರಳವಾಗಿ ಬರೆದರೆ ಓದುವವರನ್ನು ದಡ್ಡರೆಂದು ಭಾವಿಸಿದಂತೆ ಎಂದು ಹೆದರುವವರಿಗೆ ನಾನು ಈ ಮುನ್ನುಡಿಯ ಮಾತನ್ನೇ ಹೇಳುವುದು.

ಸರಳ ಭಾಷೆಗೆ ಈಗ ಅಂತರರಾಷ್ಟ್ರೀಯ ಮಾನದಂಡವೂ ಇದೆ. 2023ರಲ್ಲಿ ಪ್ರಕಟವಾದ ಐಎಸ್ಒ 24495-1 ನಾಲ್ಕು ತತ್ವಗಳನ್ನು ಹೇಳುತ್ತದೆ: ಓದುವವರಿಗೆ ಬೇಕಾದದ್ದು ದಾಖಲೆಯಲ್ಲಿ ಇರಬೇಕು, ಅದು ಸುಲಭವಾಗಿ ಸಿಗಬೇಕು, ಸಿಕ್ಕದ್ದು ಅರ್ಥವಾಗಬೇಕು, ಅರ್ಥವಾದದ್ದನ್ನು ಬಳಸಲು ಬರಬೇಕು. ಸರ್ಕಾರಿ ದಾಖಲೆಗಳ ಮಟ್ಟಿಗೆ ಅಮೆರಿಕ 2010ರಲ್ಲಿ, ನ್ಯೂಜಿಲೆಂಡ್ 2022ರಲ್ಲಿ ಕಾನೂನನ್ನೇ ಮಾಡಿದವು. ನಿಮ್ಮ ಸಂಸ್ಥೆಗೆ ಕಾನೂನು ಬೇಕಾಗಿಲ್ಲ. ನೀವು ಸಹಿ ಹಾಕದೆ ಹಿಂದಿರುಗಿಸುವ ಒಂದು ಕಾಗದ ಕಾನೂನಿಗಿಂತ ಬೇಗ ಕೆಲಸ ಮಾಡುತ್ತದೆ.

ಕೊನೆಯದಾಗಿ ಆ ಎಂಜಿನಿಯರನ ವಿಷಯ. ಈಗ ಅವನು ಬೇರೊಂದು ಕಡೆ ಹಿರಿಯ ಹುದ್ದೆಯಲ್ಲಿದ್ದಾನೆ. ಹೋದ ತಿಂಗಳು ತನ್ನ ಕಿರಿಯ ಸಹೋದ್ಯೋಗಿಯೊಬ್ಬಳು ಬರೆದ ಟಿಪ್ಪಣಿಯೊಂದನ್ನು ಸಲಹೆ ಕೇಳಿ ನನಗೆ ಕಳುಹಿಸಿದ್ದ. ಮೊದಲ ಸಾಲು ಹೀಗಿತ್ತು: ‘ನಮ್ಮ ವಿಭಾಗ ತಪ್ಪು ಲೆಕ್ಕ ಹಾಕಿದ್ದರಿಂದ ಕೆಲಸ ಆರು ವಾರ ತಡವಾಗುತ್ತದೆ, ಗ್ರಾಹಕರಿಗೆ ಶುಕ್ರವಾರದೊಳಗೆ ತಿಳಿಸಲು ನಿಮ್ಮ ಅನುಮತಿ ಬೇಕು.’ ಅದರಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ಇಷ್ಟು ನೇರವಾಗಿ ಬರೆಯುವ ಧೈರ್ಯ ಆಕೆಗೆ ಎಲ್ಲಿಂದ ಬಂದಿತೆಂದು ಕೇಳಿದೆ. ‘ಇಂಥ ಮೊದಲ ಟಿಪ್ಪಣಿ ಬಂದಾಗ ನಾನು ಆಕೆಯನ್ನು ಕರೆದು ಧನ್ಯವಾದ ಹೇಳಿದ್ದೆ, ಅಷ್ಟೇ’ ಎಂದ.

ಈ ವಾರ ನಿಮ್ಮ ಮೇಜಿಗೂ ಅಂಥದೊಂದು ಟಿಪ್ಪಣಿ ಬರಬಹುದು. ಬಂದರೆ, ಬರೆದವರನ್ನು ದಯವಿಟ್ಟು ಕರೆದು ಮಾತನಾಡಿಸಿ.

ಇಂತಿ,
ನಿಮ್ಮ ಕಚೇರಿಗಳ ಕರಡುಗಳನ್ನು ತಿದ್ದುವ ಒಬ್ಬಳು